ಬಾಯ್ತುಂಬ ಒಪ್ಪಿಗೆ

"ಇಡೀ ಊರನ್ನು ಕೂರಿಸಿಕೊಂಡು ಕೇಳಿದ್ದೇನೆ ದೊರೆ. ಒಬ್ಬನೇ ಒಬ್ಬ ಬೇಡ ಎನ್ನಲಿಲ್ಲ" ಎಂದು ಪ್ರಧಾನಿ ದೊಡ್ಡಲಿಂಗಯ್ಯ ಮೀಸೆಯ ಮೇಲೆ ಕೈಯಾಡಿಸಿಕೊಂಡ.

ಗುಮ್ಮನಕೋಟೆಯ ಪಾಳೆಯಗಾರ ಕಸ್ತೂರಿನಾಯಕ ಹಿಗ್ಗಿದ. ಮುಂದಿನ ನೂರು ವರ್ಷಕ್ಕೆ ಸಾಲುವಂಥ ಶಾಲೆ ಕಟ್ಟಿಸಬೇಕು, ಎಲ್ಲಿ, ಹೇಗೆ ಎಂಬುದನ್ನು ಮಕ್ಕಳ ತಾಯಿತಂದೆಯರನ್ನೇ ಕೇಳಿ ಗೊತ್ತು ಮಾಡಬೇಕು ಎಂದು ಅಪ್ಪಣೆ ಕೊಟ್ಟಿದ್ದವನು ಅವನೇ. ಪ್ರಧಾನಿ ಕೇಳಿಕೊಂಡು ಬಂದ ಉತ್ತರ ಹೀಗಿತ್ತು: ಶಾಲೆ ಹಳ್ಳದ ಆಚೆ, ಕರಿಗುಡ್ಡದ ನೆತ್ತಿಯ ಮೇಲೆ, ಸುತ್ತಲೂ ಕಲ್ಲಿನ ಕಂಬ, ಬಾಗಿಲ ಮೇಲೆ ಪ್ರಧಾನಿಯ ಹೆಸರು. ಆ ಗುಡ್ಡದ ಕಲ್ಲುಗಣಿ ಪ್ರಧಾನಿಯ ಭಾವಮೈದುನನದು ಎಂಬುದೊಂದು ಮಾತ್ರ ಉತ್ತರದಲ್ಲಿ ಇರಲಿಲ್ಲ.

ಆಸ್ಥಾನದಲ್ಲಿ ಓಬಣ್ಣನೆಂಬ ವಿದೂಷಕನಿದ್ದ. ಅರಸನನ್ನು ನಗಿಸುವುದು ಅವನ ಕೆಲಸ. ಅವತ್ತು ಅವನಿಗೇ ನಗು ಬರಲಿಲ್ಲ. ಪ್ರಧಾನಿ ಊರನ್ನು ಕೇಳಿದಾಗ ಅವನೂ ಚಾವಡಿಯ ಮೂಲೆಯಲ್ಲಿ ಕೂತು ಎಲ್ಲವನ್ನೂ ಕಣ್ಣಾರೆ ಕಂಡಿದ್ದ.

ಕೇಳುವ ಪರಿ ಎಂದರೆ ಅದೇನು ಪರಿ ಅಂತೀರಿ. ಜನ ಬಂದು ಕೂತ ಕೂಡಲೇ ಒಬ್ಬೊಬ್ಬರ ಕೈಗೂ ಮುಷ್ಟಿ ತುಂಬ ವೀಳ್ಯ. ಎಲೆ, ಅಡಿಕೆ, ಸುಣ್ಣ, ಮೇಲೆ ಖಾರದ ಹೊಗೆಸೊಪ್ಪು. ಇದು ದೊರೆಯ ತಾಂಬೂಲ, ಕೈಯಲ್ಲಿ ಹಿಡಿದು ಕೂತರೆ ದೊರೆಗೆ ಅವಮಾನ, ಈಗಿಂದೀಗಲೇ ಬಾಯಿಗೆ ಹಾಕಿಕೊಳ್ಳಿ ಎಂದ ಪ್ರಧಾನಿ. ಚಾವಡಿಯಲ್ಲಿ ಉಗುಳಿದವರಿಗೆ ಛಡಿ ಏಟು ಎಂಬುದು ಹಳೆಯ ಕಟ್ಟಳೆ. ಎಲ್ಲರ ಕೆನ್ನೆಯೂ ಉಬ್ಬಿದ ಮೇಲೆ ಈ ಮಹಾಶಯ ಎದ್ದು ನಿಂತು, ಶಾಲೆ ಗುಡ್ಡದ ಮೇಲೆ, ಯಾರದಾದರೂ ತಕರಾರಿದ್ದರೆ ಬಾಯಿಬಿಟ್ಟು ಹೇಳಿ ಎಂದ. ಬಾಯಿ ಬಿಡುವುದು ಎಲ್ಲಿಂದ ಬಂತು?

ನೇಕಾರರ ಕೇರಿಯ ಸಣ್ಣೀರಮ್ಮ ಮಾತ್ರ ಎದ್ದು ನಿಂತು ಜೋರಾಗಿ ತಲೆಯಾಡಿಸಿದಳು. ಹೋದ ಮಳೆಗಾಲದಲ್ಲಿ ಅದೇ ಹಳ್ಳ ಅವಳ ಹಿರಿ ಮಗನನ್ನು ಕೊಚ್ಚಿಕೊಂಡು ಹೋಗಿತ್ತು. ಉಳಿದಿರುವ ಕಿರಿಯವನು ಇನ್ನು ದಿನಾ ಅದನ್ನು ದಾಟಬೇಕು. ಅವಳ ಕಣ್ಣಲ್ಲಿ ನೀರು ಬಂತು. ಪ್ರಧಾನಿ ಕರಣಿಕನ ಕಡೆ ತಿರುಗಿ, "ಆಯಮ್ಮ ಹೇಗೆ ತಲೆದೂಗ್ತಾ ಇದ್ದಾಳೆ ನೋಡಯ್ಯ. ಸಂತೋಷಕ್ಕೆ ಕಣ್ಣೀರು ಬಂದಿದೆ ಅಂತ ಬರ್ಕೋ" ಎಂದ. ಇಂಥವನ ಮುಖ ನೋಡಿದರೆ ಅವತ್ತಿನ ಊಟ ಸೇರುವುದಿಲ್ಲ.

ಈಗ ಓಬಣ್ಣ ಅರಸನ ಮುಂದೆ ಬಂದು ಕೈಮುಗಿದ. ಪ್ರಧಾನಿಗಳು ಊರನ್ನು ಕೇಳಿದ ರೀತಿ ತನಗೆ ಬಹಳ ಹಿಡಿಸಿದೆ, ಅದೇ ರೀತಿಯಲ್ಲಿ ತಾನೂ ಒಂದು ಮಾತು ಕೇಳಬಹುದೇ ಎಂದ. ಅರಸ ಆಗಲಿ ಎಂದ. ಓಬಣ್ಣ ಅರಸನ ಹರಿವಾಣದಿಂದಲೇ ಎಲೆ ಆರಿಸಿ, ಧಾರಾಳವಾಗಿ ಹೊಗೆಸೊಪ್ಪು ಸೇರಿಸಿ, ಮಡಿಸಿ ಪ್ರಧಾನಿಗೆ ನೀಡಿದ. ತುಂಬಿದ ಸಭೆಯಲ್ಲಿ, ಅರಸನ ಹರಿವಾಣದ ವೀಳ್ಯ. ಪ್ರಧಾನಿ ಬೀಗುತ್ತ ಅಷ್ಟನ್ನೂ ಬಾಯಿಗೆ ತುರುಕಿಕೊಂಡ.

"ದೊರೆ, ಶಾಲೆಗೆ ಗುಡ್ಡಕ್ಕಿಂತ ಒಳ್ಳೆ ಜಾಗ ಇದೆ" ಎಂದ ಓಬಣ್ಣ. "ನೇಕಾರರ ಕೇರಿ ಪಕ್ಕದಲ್ಲೇ ಪ್ರಧಾನಿಗಳ ಮಾವಿನ ತೋಪು. ನೆರಳಿದೆ, ಬಾವಿ ಇದೆ, ಯಾವ ಮಗುವೂ ಹಳ್ಳ ದಾಟಬೇಕಿಲ್ಲ. ಪುಕ್ಕಟೆ ಬಿಟ್ಟುಕೊಡ್ತಾರೆ. ಏನು ಪ್ರಧಾನಿಗಳೇ, ತಕರಾರಿದ್ದರೆ ಬಾಯಿಬಿಟ್ಟು ಹೇಳಿ."

ಪ್ರಧಾನಿಯ ಕಣ್ಣುಗುಡ್ಡೆ ಹೊರಗೆ ಬಂತು. ಉಂ, ಉಂ ಎನ್ನುತ್ತ ಎರಡೂ ಕೈ ಬೀಸಿ ತಲೆ ಒದರಿದ. ಹೊಗೆಸೊಪ್ಪಿನ ರಸ ಗಂಟಲಿಗಿಳಿದು ಕಣ್ಣಲ್ಲಿ ನೀರು ಕಿತ್ತುಕೊಂಡಿತು.

"ಹೇಗೆ ತಲೆದೂಗ್ತಾ ಇದ್ದಾರೆ ನೋಡಿ ದೊರೆ. ಸಂತೋಷಕ್ಕೆ ಕಣ್ಣೀರೇ ಬಂದುಬಿಟ್ಟಿದೆ. ಕರಣಿಕರೇ, ಬರ್ಕೊಳ್ಳಿ."

ಕರಣಿಕ ನಿಜವಾಗಿಯೂ ಬರೆಯತೊಡಗಿದ. ಇಂಥದ್ದನ್ನು ಬರೆದು ಅವನಿಗೆ ರೂಢಿಯಾಗಿತ್ತು.

ಪ್ರಧಾನಿಗೆ ತಡೆಯಲಾಗಲಿಲ್ಲ. ಹೆಗಲ ಮೇಲಿನ ಜರಿ ಶಲ್ಯ ಎಳೆದುಕೊಂಡು, ಬಾಯಲ್ಲಿದ್ದುದನ್ನೆಲ್ಲ ಅದರೊಳಗೆ ಉಗುಳಿ ಕೂಗಿದ. "ನಾನೆಲ್ಲಿ ಒಪ್ಪಿದೆ? ಬಾಯಿಗೆ ಎಲೆ ತುರುಕಿ ಕೇಳಿದರೆ ಯಾವನಿಗೆ ತಾನೇ ಬೇಡ ಅನ್ನೋಕಾಗುತ್ತೆ?"

ಅರಸ ನಿಧಾನವಾಗಿ ಅವನ ಕಡೆ ತಿರುಗಿ ನೋಡಿದ.

"ಊರವರು ಹೇಳಬೇಕಾಗಿದ್ದ ಮಾತೂ ಇದೇ ದೊರೆ" ಎಂದ ಓಬಣ್ಣ. "ಇವರಿಗೆ ಉಗುಳೋಕೆ ಜರಿ ಶಲ್ಯ ಇತ್ತು. ಅವರು ನುಂಗಿಕೊಂಡರು."

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಅವನಿಗೆ ನಾಚಿಕೆಯೂ ಆಯಿತು. ಕೈಯ ಕಡಗ ಬಿಚ್ಚಿ ಓಬಣ್ಣನಿಗೆ ಕೊಟ್ಟ. ಗುಡ್ಡದ ಮಾತನ್ನು ಅಲ್ಲಿಗೇ ಕೈಬಿಟ್ಟು, ಮರುದಿನ ಊರನ್ನು ಮತ್ತೆ ಕರೆಸಿದ. ಆಸ್ಥಾನದಲ್ಲಿ ನಡೆದದ್ದು ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಈ ಸಲ ಕೇಳಲು ಅರಸ ತಾನೇ ಕೂತ. ಹರಿವಾಣ ಹೊತ್ತು ವೀಳ್ಯ ಹಂಚುವ ಕೆಲಸ ಪ್ರಧಾನಿಯ ಪಾಲಿಗೆ ಬಂತು.

ಅವನು ತಲೆ ತಗ್ಗಿಸಿಕೊಂಡು ಮೊದಲು ಸಣ್ಣೀರಮ್ಮನ ಮುಂದೆ ಹರಿವಾಣ ಹಿಡಿದ. ಅವಳು ಎರಡೆಲೆ, ಒಂದಡಿಕೆ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.

"ಇದನ್ನ ಮನೆಗೋಗಿ ಹಾಕ್ಕಂತೀನಿ ಸ್ವಾಮಿ" ಎಂದಳು. "ಮೊದ್ಲು ನಿಮ್ ತೋಪಿನ ಮಾತಾಡಾನ."