ಅಂಗಿ ತೊಟ್ಟ ಬೀಜ

ಗುರುಕುಲದ ತೋಟದಲ್ಲಿ ಗಂಭೀರ ಘಟನೆಯೊಂದು ನಡೆಯಿತು. ಒಂದು ಸಸಿ ತಪ್ಪು ಪಾತಿಯಲ್ಲಿ ಕಂಡುಬಂತು. ಬೆಳಗಿನ ಪಾಠ ನಿಂತಿತು. ಅಡುಗೆಯವರು ಸೌಟು ಹಿಡಿದುಕೊಂಡೇ ನೋಡಲು ಬಂದರು.

ತೋಟದಲ್ಲಿ ಮೂರು ಪಾತಿಗಳಿದ್ದವು. ಮೊದಲನೆಯದು ಬೀಜವೇ ಇಲ್ಲದ ಹಾವಸೆ, ಜರೀಗಿಡಗಳಿಗೆ. ಎರಡನೆಯದು ಹೂವೂ ಹಣ್ಣೂ ಇಲ್ಲದೆ, ಶಂಕುವಿನ ಪದರುಗಳ ನಡುವೆ ಬೀಜವನ್ನು ಬರಿಮೈಯಲ್ಲಿ ಹೊರುವ ಪೈನ್‌ನಂಥ ಶಂಕುಧಾರಿಗಳಿಗೆ. ಮೂರನೆಯದು ಹೂ ಬಿಟ್ಟು, ಬೀಜವನ್ನು ಕಾಯಿಯೊಳಗೆ ಮುಚ್ಚಿಡುವ ಗಿಡಗಳಿಗೆ. ಆ ಬಯಲುನಾಡಿನ ಬಿಸಿಲಿನಲ್ಲಿ ಎರಡನೆಯ ಪಾತಿಯಲ್ಲಿ ನೆಟ್ಟದ್ದೊಂದೂ ಬದುಕಿರಲಿಲ್ಲ. ತೋಟದ ಹೊಣೆ ಹೊತ್ತಿದ್ದ ಶಿಷ್ಯ ಇಂದುಧರನಿಗೆ ಆ ಖಾಲಿ ಜಾಗ ಕಂಡಾಗಲೆಲ್ಲ ಅವಮಾನವಾಗುತ್ತಿತ್ತು. ಅಲ್ಲಿ ಅವನು ಒಂದು ಗಾಳಿಮರದ, ಅಂದರೆ ಸರ್ವೆಯ, ಸಸಿ ನೆಟ್ಟಿದ್ದ. ಇದರ ಬೀಜ ಬರಿಮೈಯದಲ್ಲ ಎಂದು ಗುರುಗಳು ಅದನ್ನು ಕೀಳಿಸಿದರು.

ಇಂದುಧರ ಕೇಳಿದ: “ಗುರುಗಳೇ, ಇದರ ಎಲೆ ಸೂಜಿಯ ಹಾಗಿದೆ. ವರ್ಷವಿಡೀ ಹಸಿರು. ಶಂಕು ಬಿಡುತ್ತದೆ. ಪರಾಗ ಗಾಳಿಯಲ್ಲೇ ಹೋಗುತ್ತದೆ. ನಾಲ್ಕು ಲಕ್ಷಣ ಕೂಡಿಬಂದು ಬೀಜ ಒಂದೇ ತಕರಾರು ಮಾಡಿದರೆ, ನಾಲ್ಕರ ಮಾತು ಕೇಳಬೇಕೋ, ಒಂದರದ್ದೋ?”

ಗುರುಗಳು ಸಸಿಯನ್ನು ನೀರಿನ ಗಡಿಗೆಯಲ್ಲಿಟ್ಟು ಕತೆ ಹೇಳಿದರು.

ಹಿಮ ಬೀಳುವ ಬೆಟ್ಟದ ಕಡೆ ಒಬ್ಬ ರೈತನಿದ್ದ. ಯಾತ್ರೆಗೆ ಬಂದ ಕಡಲ ದಡದ ವರ್ತಕನೊಬ್ಬ ಅವನ ಗುಣ ಮೆಚ್ಚಿ, ಮಗಳನ್ನು ಕೊಟ್ಟು, ಮನೆಯಳಿಯನಾಗಿ ಕರೆತಂದ. ಅಳಿಯನಿಗೆ ಈಜು ಬಾರದು. ಮೀನಿನ ವಾಸನೆ ಆಗದು. ಹಾಯಿ ಕಟ್ಟಲು ಹೋದರೆ ಗಂಟು ಅವನ ಕಾಲಿಗೇ ಬೀಳುವುದು. ಮನೆಯವರು ಬಯ್ಯಲಿಲ್ಲ. ಅಳಿಯನಿಗೆ ಸಲ್ಲುವ ಮರ್ಯಾದೆ ಕೊಟ್ಟು ಹಗಲೆಲ್ಲ ಜಗಲಿಯ ಮೇಲೆ ಕೂರಿಸಿದರು. ಬಯ್ದಿದ್ದರೆ ಅವನ ಮನಸ್ಸು ಹಗುರಾಗುತ್ತಿತ್ತು.

ಮನೆಗೂ ಕಡಲಿಗೂ ನಡುವೆ ಗಾಳಿಮರದ ತೋಪಿತ್ತು. ಮರಳು ಒಳಗೆ ಬಾರದಿರಲೆಂದು ವರ್ತಕನ ಅಜ್ಜ ನೆಡಿಸಿದ್ದು. ಅಳಿಯನಿಗೆ ಅದರಡಿಯಲ್ಲಿ ಮಾತ್ರ ಉಸಿರಾಡಿದಂತಾಗುತ್ತಿತ್ತು. ಅದೇ ಸೂಜಿ, ಗಾಳಿ ಬೀಸಿದಾಗ ಅದೇ ಸದ್ದು. ತನ್ನೂರಿನ ಪೈನ್ ಮರಗಳೇ ಬೆನ್ನಿಗೆ ಬಂದು ನಿಂತಿವೆ ಎಂದುಕೊಂಡ. ಊಟಕ್ಕೆ ಕೂತಾಗಲೆಲ್ಲ ಹೆಂಡತಿಯ ಮುಂದೆ ತನ್ನೂರಿನ ಮರದ್ದೇ ಮಾತು. ಅದು ಹೂವೆಂಬುದನ್ನೇ ಬಿಡುವುದಿಲ್ಲ. ಗಂಡು ಶಂಕುವಿನಿಂದ ಹಳದಿ ಪುಡಿ ಹಾರಿ ಹೆಣ್ಣು ಶಂಕುವಿನ ಮೇಲೆ ಕೂರುತ್ತದೆ. ಬೀಜ ಪದರಿನ ಮೇಲೆ ಬರಿಮೈಯಲ್ಲಿ ಮಲಗಿರುತ್ತದೆ. ಎಲೆಗೆ ಮೇಣದ ಲೇಪ. ಗಾಯವಾದರೆ ಮರ ರಾಳ ಸುರಿಸಿ ತಾನೇ ಮುಚ್ಚಿಕೊಳ್ಳುತ್ತದೆ. ಹೆಂಡತಿ ಅನ್ನ ಬಡಿಸುತ್ತ ಎಲ್ಲ ಕೇಳಿಸಿಕೊಂಡಳು.

ಆ ವರ್ಷ ಮಳೆಗಾಲ ಮುಗಿದರೂ ರಾಳ ಮಾರುವವರು ಘಟ್ಟ ಇಳಿದು ಬರಲಿಲ್ಲ. ಹಲಗೆಗಳ ಸಂದಿಗೆ ರಾಳ ಮೆತ್ತದೆ ಹಡಗನ್ನು ನೀರಿಗೆ ಇಳಿಸುವಂತಿಲ್ಲ. ವರ್ತಕ ತಲೆಯ ಮೇಲೆ ಕೈ ಹೊತ್ತು ಕೂತ. ಅಳಿಯ ಜಗಲಿಯಿಂದ ಇಳಿದು ಬಂದ.

“ಮಾವ, ರಾಳ ನಿಮ್ಮ ತೋಪಿನಲ್ಲೇ ನಿಂತಿದೆ. ತೊಗಟೆ ಕೆತ್ತಿ ಮಡಕೆ ಕಟ್ಟಿದರೆ ತಾನಾಗಿ ಇಳಿಯುತ್ತದೆ. ಹೊಲದ ಕೆಲಸ ಮುಗಿದ ಮೇಲೆ ನಮ್ಮ ಮನೆತನದ ಕಸುಬೇ ಅದು.”

“ನಮ್ಮಜ್ಜನ ಕಾಲದಿಂದ ಇದರ ಕೊಂಬೆ ಒಲೆಗಿಡುತ್ತಿದ್ದೇವೆ. ಒಂದು ತೊಟ್ಟು ರಾಳ ಕಂಡಿಲ್ಲ.”

“ಎಲೆ ನೋಡಿ, ಮಾವ. ಸಾಕ್ಷಾತ್ ನಮ್ಮೂರಿನ ಮರ.”

“ಗಾಳಿ ಬಿರುಸಾದ ಕಡೆ ಎಲ್ಲರೂ ಮೈ ಮುದುಡಿಕೊಂಡೇ ನಿಲ್ಲುವುದು, ಅಳಿಯಂದಿರೇ. ಹಾಗೆ ನಿಂತವರೆಲ್ಲ ನೆಂಟರಾಗುತ್ತಾರೆಯೇ?”

ಹೀಗೆಂದರೂ, ಮೊದಲ ಸಲ ಬಾಯಿಬಿಟ್ಟು ಕೇಳಿದ ಅಳಿಯನಿಗೆ ಇಲ್ಲವೆನ್ನಲು ವರ್ತಕನಿಗೆ ನಾಲಿಗೆ ಏಳಲಿಲ್ಲ. ಕತ್ತಿ ಕೊಟ್ಟ.

ಅಳಿಯ ಮೊದಲ ಮರದ ಮುಂದೆ ನಿಂತಾಗ ಹೆಂಡತಿ ಮಜ್ಜಿಗೆ ತಂದಳು. ಒಂದು ಸೂಜಿ ಕಿತ್ತು, ಗೆಣ್ಣಿನಲ್ಲಿ ಕಳಚಿ, ಮತ್ತೆ ಜೋಡಿಸಿ ಅವನ ಮುಂದೆ ಹಿಡಿದಳು. ಆ ದಡದ ಮಕ್ಕಳು ಆಡುವ ಆಟ.

“ಎಲ್ಲಿ ಮುರಿದಿದೆ, ಹೇಳಿ ನೋಡೋಣ.”

ಅವನಿಗೆ ಹೇಳಲಾಗಲಿಲ್ಲ. “ನಮ್ಮಲ್ಲಿ ಎಲೆಗೆ ಗೆಣ್ಣಿರುವುದಿಲ್ಲ.”

“ಇದು ಎಲೆಯಲ್ಲ, ಕಡ್ಡಿ. ಎಲೆ ಇಗೋ, ಗೆಣ್ಣಿನ ಸುತ್ತ ಹಲ್ಲಿನ ಹಾಗೆ ಅಂಟಿಕೊಂಡಿದೆ.”

“ಉಪ್ಪುಗಾಳಿಗೆ ಹಾಗಾಗಿದೆ.”

ಅವಳು ಎಳೆಯ ಶಂಕುವೊಂದನ್ನು ಬಗ್ಗಿಸಿ ತೋರಿಸಿದಳು. ಅದರ ಮೈತುಂಬ ಕೆಂಪು ಎಳೆಗಳಿದ್ದವು. “ಇದು ಹೂವಿನ ಗೊಂಚಲು. ನಿಮ್ಮೂರಿನ ಮರ ಹೂ ಬಿಡುವುದಿಲ್ಲ ಅಂತ ನೀವೇ ಹೇಳಿದಿರಿ.”

“ಅಲ್ಲಿ ಹಿಮ. ಇಲ್ಲಿ ಬಿಸಿಲು. ಬಿಸಿಲಿಗೆ ಹೂ ಬಂದಿದೆ.”

ಅವಳು ಒಣಗಿದ ಶಂಕುವೊಂದನ್ನು ಅಂಗೈಗೆ ಕೊಡವಿ, ಬಿದ್ದದ್ದನ್ನು ಉಗುರಿನಿಂದ ಸುಲಿದಳು. ಸಿಪ್ಪೆಯೊಳಗಿಂದ ಬೀಜ ಬಂತು. “ನಿಮ್ಮೂರಿನಲ್ಲಿ ಇದು ಬರಿಮೈಯಲ್ಲಿರುತ್ತದೆ ಅಂದಿರಿ. ಇಲ್ಲಿ ನೋಡಿದರೆ ಅಂಗಿ ತೊಟ್ಟಿದೆ. ಹಿಮದಲ್ಲಿ ಬತ್ತಲೆ, ಸೆಕೆಯಲ್ಲಿ ಅಂಗಿಯೇ?”

ಅಳಿಯ ಆ ಬೀಜವನ್ನು ಬಹಳ ಹೊತ್ತು ನೋಡಿದ. ಆಮೇಲೆ, “ಮಾವನ ಮನೆಯಲ್ಲಿ ಬತ್ತಲೆ ಇರಲಾಗುತ್ತದೆಯೇ?” ಎಂದು ಕತ್ತಿ ಎತ್ತಿದ.

ಬೆಳಿಗ್ಗೆ ಮಡಕೆಗಳಲ್ಲಿ ಇಬ್ಬನಿ ಇತ್ತು. ಅವನು ಇನ್ನೂ ಆಳಕ್ಕೆ ಕೆತ್ತಿದ. ಮರುದಿನ ಮಡಕೆಗಳಲ್ಲಿ ಇಬ್ಬನಿ ಇತ್ತು, ಇರುವೆ ಇತ್ತು. ಸುತ್ತಲೂ ಕೆತ್ತಿದ. ಬಲೆ ಹೊತ್ತು ಹೋಗುತ್ತಿದ್ದವರು ನಿಂತು, “ಅಳಿಯಂದಿರು ಹೆಂಡ ಇಳಿಸುವುದು ಯಾವಾಗ? ನಮಗೂ ಒಂದು ಬಟ್ಟಲಿರಲಿ” ಎಂದರು. ಅವನು ತಲೆ ಎತ್ತಲಿಲ್ಲ. ಮುಂದಿನ ಮರಕ್ಕೆ ಹೋದ.

ಮರಗಳು ಒಣಗಿದವು. ಹಡಗು ದಡದಲ್ಲೇ ಉಳಿಯಿತು. ಬೇಸಿಗೆಯ ಗಾಳಿಗೆ ಮರಳು ಅಂಗಳ ದಾಟಿ ಜಗಲಿ ಏರಿತು. ಮನೆಯವರು ಆಗಲೂ ಬಯ್ಯಲಿಲ್ಲ. ಮರಳು ಗುಡಿಸಿ, ಅಳಿಯನಿಗೆ ಚಾಪೆ ಹಾಸಿದರು.

ಗುರುಗಳು ಕತೆ ನಿಲ್ಲಿಸಿದರು. ಇಂದುಧರ ಕೇಳಿದ: “ಬೀಜವನ್ನು ಅಷ್ಟು ಹೊತ್ತು ನೋಡಿದನಲ್ಲ, ಅವನಿಗೆ ತಿಳಿಯಲಿಲ್ಲವೇ?”

“ತಿಳಿಯಿತು. ಒಪ್ಪಿಕೊಂಡಿದ್ದರೆ ಆ ದಡದಲ್ಲಿ ಅವನವರೆಂದು ಯಾರೂ ಉಳಿಯುತ್ತಿರಲಿಲ್ಲ.”

ಮಧ್ಯಾಹ್ನ ಇಂದುಧರ ಸಸಿಯನ್ನು ಮೂರನೆಯ ಪಾತಿಯಲ್ಲಿ ನೆಟ್ಟ. ಎರಡನೆಯದರಲ್ಲಿ ಈಗಲೂ ಏನೂ ಇಲ್ಲ.