ಹುಣಸೆಹಣ್ಣು ಹಚ್ಚಿ ತೊಳೆದ ಆನೆ ಕಾಸು

ಅರಸೀಕೆರೆಯ ಮರುಳಯ್ಯನವರು ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಟಿಕೆಟ್ಟಿಗೆ ಬಂದ ಚಿಲ್ಲರೆಯಲ್ಲಿ ಅಪರೂಪದ ನಾಣ್ಯ ಕಂಡರೆ ಸಾಕು, ತಮ್ಮ ಜೇಬಿನಿಂದ ಅಷ್ಟೇ ದುಡ್ಡು ಚೀಲಕ್ಕೆ ಹಾಕಿ ಅದನ್ನು ಎತ್ತಿಟ್ಟುಕೊಳ್ಳುತ್ತಿದ್ದರು. ಹಾಗೆ ಹತ್ತಿದ ಹುಚ್ಚು ಅದು. ಆಮೇಲೆ ಸಂತೆಯಲ್ಲಿ, ಹಳೇ ಪಾತ್ರೆ ಅಂಗಡಿಯಲ್ಲಿ, ಅಜ್ಜಿಯರ ಎಲೆಅಡಿಕೆ ಚೀಲದಲ್ಲಿ ಹುಡುಕಿದ್ದೇ ಹುಡುಕಿದ್ದು. ನಿವೃತ್ತಿಯ ಹೊತ್ತಿಗೆ ಒಂದು ತಗಡಿನ ಪೆಟ್ಟಿಗೆ ತುಂಬಿತ್ತು. ನಡುವೆ ತೂತಿರುವ ಕಾಸು, ಕುದುರೆ ಇರುವ ಪೈಸೆ, ಕಮಲದ ಇಪ್ಪತ್ತು ಪೈಸೆ, ಎಲ್ಲಕ್ಕಿಂತ ಮಿಗಿಲಾಗಿ ಮೈಸೂರು ಅರಸರ ಕಾಲದ ತಾಮ್ರದ ಆನೆ ಕಾಸು. ಈ ಆನೆ ಕಾಸಿಗಾಗಿ ಹಾಸನದ ಜಬ್ಬಾರ್ ಸಾಹೇಬರು ಹತ್ತು ವರ್ಷದಿಂದ ದುಂಬಾಲು ಬಿದ್ದಿದ್ದರು. ಸಾಹೇಬರದು ವಾಚ್ ರಿಪೇರಿ ಅಂಗಡಿ, ಅವರಿಗೂ ಇದೇ ಹುಚ್ಚು. ಆದರೆ ಮರುಳಯ್ಯ ಜಪ್ಪಯ್ಯ ಅಂದರೂ ಕೊಟ್ಟಿರಲಿಲ್ಲ.

ಪೆಟ್ಟಿಗೆಗೆ ಬೀಗ, ಬೀಗದ ಕೈ ಉಡಿದಾರದಲ್ಲಿ. ಮನೆಯವರು ಯಾರಾದರೂ ಹತ್ತಿರ ಸುಳಿದರೆ ಬರುತ್ತಿದ್ದದ್ದು ಒಂದೇ ಮಾತು: "ಮುಟ್ಟಬೇಡ!" ಮಗ ಚಿಕ್ಕವನಿದ್ದಾಗ ಒಂದು ನಾಣ್ಯ ಎತ್ತಿಕೊಂಡು ಹೋಗಿ ಬೀದಿಯಲ್ಲಿ ಆಡಿದ್ದ. ಬೆನ್ನಿಗೆ ಬಿದ್ದ ಏಟಿಗೆ ಅವನು ಆಮೇಲೆ ಆ ಪೆಟ್ಟಿಗೆಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ನಾಲ್ಕನೇ ಕ್ಲಾಸಿನ ಮೊಮ್ಮಗಳು ಇಂಚರ ಮಾತ್ರ ಮಾರು ದೂರ ನಿಂತು ನೋಡುತ್ತಿದ್ದಳು. ನೋಡಬಹುದಿತ್ತು, ಏನನ್ನೂ ಕೇಳುವಂತಿರಲಿಲ್ಲ.

ಮರುಳಯ್ಯನವರಿಗೆ ಎಪ್ಪತ್ತೆರಡಾಯಿತು. ಕಣ್ಣಿಗೆ ಪೊರೆ ಬಂದು ನಾಣ್ಯದ ಇಸವಿ ಕಾಣದಾಯಿತು. ತಮ್ಮ ನಂತರ ಇದನ್ನೆಲ್ಲ ಯಾರು ನೋಡಿಕೊಳ್ಳುತ್ತಾರೆ ಎಂಬ ಚಿಂತೆ ಕೊರೆಯತೊಡಗಿತು. ಮಗನಿಗಂತೂ ಬೇಡ. ಉಳಿದವಳು ಇಂಚರ ಒಬ್ಬಳೇ. ಅವಳೂ ಬೇಡ ಅಂದರೆ ಈ ಹುಚ್ಚು ತಮ್ಮ ಜೊತೆಗೇ ಮಣ್ಣಾಗುತ್ತದೆ ಎಂದು ಅವರಿಗೆ ಭಯವಾಗುತ್ತಿತ್ತು.

ದೀಪಾವಳಿ ಅಮಾವಾಸ್ಯೆಯ ಹಿಂದಿನ ದಿನವೇ ಕಣ್ಣಿನ ಆಪರೇಷನ್ ನಿಗದಿಯಾಯಿತು. ಪ್ರತಿ ವರ್ಷ ಲಕ್ಷ್ಮೀಪೂಜೆಗೆ ನಾಣ್ಯಗಳನ್ನು ತಾವೇ ತಟ್ಟೆಗೆ ಹಾಕಿ ಇಡುವುದು, ಪೂಜೆ ಮುಗಿದ ಕೂಡಲೇ ತಾವೇ ಎತ್ತಿ ಬೀಗ ಹಾಕುವುದು ಅವರ ಪದ್ಧತಿ. ಈ ಸಲ ಆಸ್ಪತ್ರೆಗೆ ಹೊರಡುವಾಗ ಬೀಗದ ಕೈ ಬಿಚ್ಚಿ ಇಂಚರಳ ಕೈಗಿಟ್ಟರು.

"ಈ ಸಲ ನೀನೇ ಇಡು ಮಗಾ. ಇನ್ಮೇಲೆ ಇದೆಲ್ಲ ನಿಂದೇ."

"ಎಲ್ಲಾನೂ ಮುಟ್ಬೋದಾ ತಾತ?"

"ನಿಂದೇ ಅಂದ್ನಲ್ಲ!"

ಹೊರಗೆ ಆಟೋ ಬಂದಿತ್ತು. ಇನ್ನೊಂದು ಮಾತಾಡದೆ ಹೊರಟುಬಿಟ್ಟರು.

ಹುಡುಗಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಿತ್ತಲಲ್ಲಿ ಅಮ್ಮ ವಿನುತಾ ಹಬ್ಬಕ್ಕೆಂದು ದೀಪದ ಕಂಬ, ತಾಮ್ರದ ಚೊಂಬು, ಗಂಟೆ ಎಲ್ಲಕ್ಕೂ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದಳು. ದೇವರ ಮುಂದೆ ಕಿಲುಬು ಹಿಡಿದದ್ದನ್ನು ಇಡುವುದುಂಟೇ? ಇಂಚರ ಪೆಟ್ಟಿಗೆ ತೆರೆದು ನೋಡಿದರೆ ತಾತನ ಕಾಸುಗಳೆಲ್ಲ ಕಪ್ಪು, ಕಂದು. ಪಾಪ, ಕಣ್ಣು ಕಾಣದ ತಾತ ಇವನ್ನು ತೊಳೆದು ಎಷ್ಟು ವರ್ಷವಾಯಿತೋ! ಎಲ್ಲವನ್ನೂ ಬುಟ್ಟಿಗೆ ಹಾಕಿಕೊಂಡು ಅಮ್ಮನ ಪಕ್ಕ ಕೂತಳು. ಅಮ್ಮ ತಡೆಯಲಿಲ್ಲ. ಬದಲಿಗೆ, "ಚೆನ್ನಾಗಿ ತಿಕ್ಕೇ, ಅಂಚಲ್ಲಿನ್ನೂ ಕಪ್ಪು ಉಳ್ದಿದೆ ನೋಡು" ಅಂದಳು. ಆ ಮನೆಗೆ ಸೊಸೆಯಾಗಿ ಬಂದು ಹನ್ನೆರಡು ವರ್ಷವಾದರೂ ಆ ನಾಣ್ಯಗಳನ್ನು ಹೇಗೆ ನೋಡಿಕೊಳ್ಳಬೇಕೆಂದು ಅವಳಿಗೂ ಯಾರೂ ಹೇಳಿರಲಿಲ್ಲ. ಇಂಚರ ಸಂಜೆಯವರೆಗೂ ತಿಕ್ಕಿದಳು. ಹುಳಿಗೆ ಬೆರಳ ಸಂದಿಯೆಲ್ಲ ಉರಿದರೂ ಬಿಡಲಿಲ್ಲ.

ಹಳೆಯ ನಾಣ್ಯ ಗೊತ್ತಿದ್ದವರು ಯಾರೂ ಅದನ್ನು ತಿಕ್ಕುವುದಿಲ್ಲ. ನೂರಾರು ವರ್ಷ ಕೂತು ಕಟ್ಟಿಕೊಂಡ ಆ ಕಂದು ಬಣ್ಣವೇ ನಾಣ್ಯದ ಮೈಚರ್ಮ. ಅದನ್ನು ತಿಕ್ಕಿ ತೆಗೆದರೆ ಬೆಲೆಯೂ ಹೋಯಿತು, ಮೇಲಿನ ಅಕ್ಷರವೂ ಸವೆಯಿತು. ಮತ್ತೆ ತರಲಾಗುವುದಿಲ್ಲ.

ಮಾರನೇ ದಿನ ಸಂಜೆ ಮರುಳಯ್ಯ ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದರು. ಲಕ್ಷ್ಮಿಯ ಮುಂದೆ ತಟ್ಟೆ ತುಂಬ ಕಾಸು ಝಗಝಗ ಹೊಳೆಯುತ್ತಿತ್ತು. ಆಪರೇಷನ್ ಆದ ಕಣ್ಣಿಗೆ ಎಲ್ಲವೂ ಹೀಗೇ ಕಾಣುತ್ತದೇನೋ ಅಂದುಕೊಂಡು ಆನೆ ಕಾಸನ್ನು ಎತ್ತಿ ಮುಖದ ಹತ್ತಿರ ಹಿಡಿದರು. ಹುಣಸೆಹಣ್ಣಿನ ವಾಸನೆ ಬಂತು.

"ಯಾರೇ ನಿಂಗೆ ತೊಳಿ ಅಂದಿದ್ದು? ನಲವತ್ತು ವರ್ಷದ್ದು ಒಂದೇ ದಿನದಲ್ಲಿ ನೀರಲ್ಲಿ ಹೋಮ ಮಾಡ್ದಲ್ಲೇ!"

ಇಡೀ ಬೀದಿಗೆ ಕೇಳುವಂತೆ ಕೂಗಾಡಿದರು. ಇಂಚರ ಒಂದು ಹೆಜ್ಜೆ ಹಿಂದೆ ಸರಿದಳು.

"ಹೊಳೀಲಿ ಅಂತ ತಾತ..." ಎಂದವಳು ಬೀಗದ ಕೈಯನ್ನು ನೆಲದ ಮೇಲಿಟ್ಟು, "ಇನ್ಯಾವತ್ತೂ ಮುಟ್ಟಲ್ಲ" ಎಂದು ಒಳಗೆ ಓಡಿದಳು.

ಮೂರು ದಿನ ಅವಳು ತಾತನ ಕಡೆ ಬರಲಿಲ್ಲ. ಮೊದಲು ಮಾರು ದೂರವಾದರೂ ನಿಲ್ಲುತ್ತಿದ್ದಳು, ಈಗ ಅದೂ ಇಲ್ಲ. ನಾಣ್ಯ ಹಾಳಾದ ಸಂಕಟಕ್ಕಿಂತ ಇದು ಮರುಳಯ್ಯನವರಿಗೆ ದೊಡ್ಡದಾಯಿತು. ಊಟ ಬಡಿಸಲು ಬಂದ ಸೊಸೆ ಮೆಲ್ಲಗೆ ಅಂದಳು:

"ತಪ್ಪು ನಂದೂ ಇದೆ ಮಾವ. ಆದ್ರೆ ತೊಳೀಬಾರ್ದು ಅಂತ ಈ ಮನೇಲಿ ಯಾರಿಗೆ ಗೊತ್ತಿತ್ತು ಹೇಳಿ."

ಮರುಳಯ್ಯ ಅನ್ನ ಕಲೆಸುತ್ತಾ ಕೂತರು.

ನಾಲ್ಕನೇ ದಿನ ಜಬ್ಬಾರ್ ಸಾಹೇಬರು ಕಣ್ಣು ಹೇಗಿದೆ ಅಂತ ವಿಚಾರಿಸಲು ಬಂದರು. ಬಂದವರ ಕಣ್ಣು ಮೇಜಿನ ಮೇಲಿದ್ದ ಆನೆ ಕಾಸಿನ ಮೇಲೆ ಬಿತ್ತು.

"ಯಾ ಅಲ್ಲಾ! ಚಿನ್ನದಂಥಾ ಕಾಸು! ಯಾರು ಮಾಡಿದ್ದು ಮರುಳಯ್ಯನೋರೇ ಈ ಕೆಲ್ಸ?"

ಆಗ ತಾನೇ ಕಾಫಿ ಲೋಟ ಹಿಡಿದು ಬಂದಿದ್ದ ಇಂಚರ ಬಾಗಿಲಲ್ಲೇ ನಿಂತುಬಿಟ್ಟಳು. ಮುಖ ಬಿಳಿಚಿಕೊಂಡಿತ್ತು. ಲೋಟ ಹಿಡಿದ ಬೆರಳುಗಳ ಚರ್ಮ ಸುಲಿದದ್ದು ಮರುಳಯ್ಯನವರಿಗೆ ಈಗ ಸ್ಪಷ್ಟವಾಗಿ ಕಂಡಿತು.

"ನಾನೇ ಸಾಹೇಬ್ರೇ," ಅಂದರು.

ಸಾಹೇಬರು ಅವರ ಮುಖ ನೋಡಿದರು. ಹುಡುಗಿಯ ಬೆರಳು ನೋಡಿದರು. ಅರ್ಥವಾಯಿತು.

"ಹೂಂ. ನೀವೂ ಶುರುನಲ್ಲಿ ಒಂದು ಕಾಸಿಗೆ ನಿಂಬೆಹಣ್ಣು ಹಾಕಿ ತಿಕ್ಕಿ, ಹೊಳೀತಾ ಇದೆ ನೋಡಿ ಅಂತ ನನ್ನ ಅಂಗ್ಡಿಗೆ ತಂದಿದ್ರಿ. ಆವತ್ತು ನಾನು ಬೈದಿದ್ನಾ?"

"ಇಲ್ಲ. ಪಕ್ಕದಲ್ಲಿ ಕೂರಿಸ್ಕೊಂಡು ಹೇಳ್ಕೊಟ್ರಿ," ಎಂದ ಮರುಳಯ್ಯ ಬಾಗಿಲ ಕಡೆ ನೋಡಿದರು. "ನಾನು ಬೀಗದ ಕೈ ಕೊಟ್ಟೆ, ಇನ್ನೇನೂ ಕೊಡ್ಲಿಲ್ಲ."

ಅವರು ಮೊಮ್ಮಗಳನ್ನು ಕರೆದರು. "ನಾನು ಮುಟ್ಟಲ್ಲ ತಾತ" ಎಂದಳು. ಅವಳ ಕೈಯಿಂದ ಕಾಫಿ ಲೋಟ ತೆಗೆದಿಟ್ಟು, ಆ ಕೈಗೇ ಆನೆ ಕಾಸನ್ನು ಕೊಟ್ಟರು.

"ಅಂಚು ಹಿಡ್ಕೋ, ಹೀಗೆ. ಕಾಸಿನ ಮುಖಕ್ಕೆ ಬೆರಳು ತಾಗಿಸ್ಬಾರ್ದು."

ಹುಡುಗಿ ಹಿಡಿದುಕೊಂಡಳು. ತಿರುಗಿಸಿ ನೋಡಿದಳು. ಹೆದರುತ್ತಲೇ ಕೇಳಿದಳು:

"ತಾತ, ಆ ಇನ್ನೊಂದು ಕಾಸಿಗೆ ಮಧ್ಯ ತೂತು ಯಾಕಿದೆ? ತಿಕ್ಕೋವಾಗ್ಲೇ ಕೇಳ್ಬೇಕು ಅನ್ನಿಸ್ತು."

"ಯುದ್ಧದ ಕಾಲ ಮಗಾ ಅದು. ತಾಮ್ರ ಉಳಿಸ್ಬೇಕಿತ್ತು, ಅದಕ್ಕೇ."

"ಮತ್ತೆ ಕುದುರೆದು?"

ಒಂದಾದ ಮೇಲೊಂದು ಪ್ರಶ್ನೆ. ಸಾಹೇಬರು ಕಾಫಿ ಕುಡಿದು, ತಾವೂ ನಡುನಡುವೆ ಬಾಯಿ ಹಾಕಿ, ಕೊನೆಗೆ ಹಾಸನದ ಬಸ್ಸನ್ನೂ ತಪ್ಪಿಸಿಕೊಂಡರು. ಒಂದು ವಾರ ಕಣ್ಣಲ್ಲಿ ನೀರು ಬರಬಾರದು ಅಂತ ಡಾಕ್ಟರು ಮರುಳಯ್ಯನವರಿಗೆ ಎಚ್ಚರಿಕೆ ಕೊಟ್ಟು ಕಳಿಸಿದ್ದರು. ಆ ಮಾತನ್ನು ಪಾಲಿಸಲು ಅವರಿಂದ ಆಗಲಿಲ್ಲ.

ನೀತಿ: ಬೀಗದ ಕೈ ಕೊಟ್ಟರೆ ಪೆಟ್ಟಿಗೆಯಷ್ಟೇ ಮಕ್ಕಳಿಗೆ ಸೇರುತ್ತದೆ. ಅದರೊಳಗಿನ ಪ್ರೀತಿ ಅವರಿಗೆ ಸೇರಬೇಕಾದರೆ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು, ಮುಟ್ಟಲು ಬಿಡಬೇಕು, ಕೇಳಲು ಬಿಡಬೇಕು. ನಾವು ಹೇಳಿಕೊಡದೇ ಇದ್ದದ್ದನ್ನು ಮಗು ತಪ್ಪಾಗಿ ಮಾಡಿದರೆ, ಆ ತಪ್ಪು ಮೊದಲು ನಮ್ಮದು.