ಸತ್ತವನ ಮಾತು

ಗ್ರೀಕರ ನಾಡಿನ ಒಂದು ಹೊಳೆಯ ದಂಡೆಯಲ್ಲಿ ಥೆರೋನ್, ದೊರೆ ಗೆದ್ದ ಹಳೆಯ ಯುದ್ಧದ ಹಾಡನ್ನು ಗುರುಗಳಿಗೆ ಒಪ್ಪಿಸುತ್ತಿದ್ದ. ಮಧ್ಯಾಹ್ನ ಅದನ್ನೇ ದೊರೆಯ ಮುಂದೆ ಹಾಡಬೇಕು. ಪಾಪ, ಬೆಳಗ್ಗೆಯಿಂದ ಅವನಿಗೆ ಗುಟುಕು ನೀರೂ ಇಳಿದಿರಲಿಲ್ಲ.

ಹಾಡುವವರಲ್ಲಿ ಒಂದು ಕಟ್ಟಳೆಯಿತ್ತು. ಕಥೆಯೊಳಗಿನವರು ಮಾತಾಡುವ ಜಾಗ ಬಂದಾಗ ಎದ್ದು ನಿಂತು, ಕೋಲನ್ನು ನೆಲಕ್ಕೂರಿ, ‘ನಾನು’ ಎಂದೇ ಹಾಡಬೇಕು.

ದೊರೆಯ ಈಟಿಗೆ ಶತ್ರುಪಡೆಯ ಫಿಲೋನ್ ಬೀಳುವ ಜಾಗ ಬಂತು. ಥೆರೋನ್ ಏಳಲಿಲ್ಲ. ‘ಫಿಲೋನ್ ದೊರೆಯನ್ನು ಶಪಿಸಿ ಸತ್ತ’ ಎಂದು ಒಂದೇ ಉಸಿರಿಗೆ ಹಾಡಿ ಮುಂದಕ್ಕೆ ಹೋದ.

“ನಿಲ್ಲು. ಕೋಲು ಯಾಕೆ ಊರಲಿಲ್ಲ?” ಎಂದರು ಗುರುಗಳು.

“ಶಪಿಸಿದ ಅಂತ ಹೇಳಿದೆನಲ್ಲ.”

“ಅದು ನೀನು ಹೇಳಿದ್ದು. ಅವನೇನು ಹೇಳಿದ?”

“ನೀನು ನಿನ್ನ ಹೊಸ್ತಿಲಲ್ಲೇ ನಾಯಿಯ ಹಾಗೆ ಸಾಯುತ್ತೀ ಅಂದ. ಗುರುಗಳೇ, ಅದನ್ನು ದೊರೆಯ ಮುಖ ನೋಡಿ ಹಾಡಲೆ? ಹೋದ ವರ್ಷ ಹಾಡಿದವನ ಮೇಲೆ ಕತ್ತಿ ಎಸೆದನಂತೆ. ಹಾಡಿದವನು ಕೂದಲೆಳೆಯ ಅಂತರದಲ್ಲಿ ಪಾರಾದನಂತೆ. ನನಗೆ ಹೆದರಿಕೆ.”

“ಹೆದರಿಕೆ ಆಗದೆ ಇರುತ್ತದೆಯೇ?”

“ಹಾಗಾದರೆ ಬಿಟ್ಟುಬಿಡೋಣ. ಸತ್ತ ಅನ್ನೋದು ಹೇಗೂ ಗೊತ್ತಾಗುತ್ತಲ್ಲ, ಸಾಲದೆ?”

ಗುರುಗಳು ಎದ್ದರು. ಅವನ ಕೈಹಿಡಿದು ಹೊಳೆಯ ತಿರುವಿಗೆ ಕರೆದುಕೊಂಡು ಹೋದರು. ಅಲ್ಲಿ ಆ ಯುದ್ಧದಲ್ಲಿ ಸೆರೆಸಿಕ್ಕ ಹೆಂಗಸರು ಅರಮನೆಯ ಬಟ್ಟೆ ಒಗೆಯುತ್ತಿದ್ದರು. ಒಬ್ಬ ಮುದುಕಿ ಮಾತ್ರ ಅವಸರ ಅವಸರವಾಗಿ ಹಿಂಡುತ್ತಿದ್ದಳು.

“ಏನವ್ವಾ, ಇಷ್ಟು ಅವಸರ?” ಎಂದರು ಗುರುಗಳು.

“ಮಧ್ಯಾಹ್ನ ಹಾಡು ಇದೆಯಲ್ಲಪ್ಪ. ಬಾಗಿಲ ಹಿಂದೆ ಜಾಗ ಹಿಡೀಬೇಕು. ನನ್ನ ಮಗ ಫಿಲೋನ್ ಮಾತಾಡ್ತಾನೆ.”

ಅಷ್ಟು ಹೇಳಿ ಅವಳು ಮತ್ತೆ ಬಟ್ಟೆಗೆ ಕೈಹಾಕಿದಳು.

ಥೆರೋನ್ ಗುರುಗಳ ಕಡೆ ತಿರುಗಿದ. “ಮಗ ಸತ್ತದ್ದು ಆಕೆಗೆ ಗೊತ್ತಿಲ್ಲವೆ?” ಎಂದು ಪಿಸುಗುಟ್ಟಿದ.

“ಆ ಸುದ್ದಿ ಮುಟ್ಟಿ ಇಪ್ಪತ್ತು ವರ್ಷವಾಯಿತು. ಇವತ್ತೂ ನೀನು ‘ಸತ್ತ’ ಅನ್ನೋದನ್ನಷ್ಟೇ ಹೇಳೋಕೆ ಹೊರಟಿದ್ದೀ.”

ಥೆರೋನ್ ಮುದುಕಿಯ ಕಡೆ ನೋಡಿದ. ಓಡಿಹೋಗಬೇಕು ಅನ್ನಿಸಿತು, ನಾಚಿಕೆಯೂ ಆಯಿತು. ಕೊನೆಗೆ ಕೋಲನ್ನು ಮರಳಿಗೆ ಊರಿ ನಿಂತ.

“ನಾನು ಸಾಯುತ್ತೇನೆ, ದೊರೆಯೇ. ನೀನೂ...”

ಅಲ್ಲಿಗೇ ತಡವರಿಸಿದ. ಮತ್ತೆ ಶುರುಮಾಡಿದ, ಮತ್ತೆ ತಡವರಿಸಿದ.

“ದನಿ ನಡುಗುತ್ತಿದೆ, ಗುರುಗಳೇ. ಹೆದರಿಕೆ ಹೋಗುತ್ತಲೇ ಇಲ್ಲ.”

“ಹೋಗೋದು ಬೇಡ,” ಎಂದರು ಗುರುಗಳು. “ಫಿಲೋನನಿಗೆ ಆಗಿನ್ನೂ ಹತ್ತೊಂಬತ್ತು ವರ್ಷ. ಆ ಮಾತು ಹೇಳುವಾಗ ಅವನೂ ಹೀಗೇ ನಡುಗಿದ್ದ.”